ರೋಗಿಯ ಮಾತನ್ನು ನಂಬಿದ ವೈದ್ಯ

ಹಂಗೇರಿಯ ಪುಸ್ತಕ ವ್ಯಾಪಾರಿಯೊಬ್ಬರ ಮನೆಯಲ್ಲಿ 1873ರಲ್ಲಿ ಜನಿಸಿದ ಶಾಂದೋರ್ ಫೆರೆಂತ್ಸಿಯವರು ಬುಡಾಪೆಸ್ಟಿನಲ್ಲಿ ಮನೋವೈದ್ಯರಾಗಿ, ಫ್ರಾಯ್ಡರ ಆಪ್ತಮಿತ್ರರೆನಿಸಿದರು. ಬಾಲ್ಯದಲ್ಲಿ ಹಿರಿಯರಿಂದಲೇ ಅತ್ಯಾಚಾರಕ್ಕೊಳಗಾದೆವೆಂದು ರೋಗಿಗಳು ಹೇಳಿದರೆ, ಅದು ಬರಿಯ ಕಲ್ಪನೆಯೆಂದು ಬದಿಗಿರಿಸುತ್ತಿದ್ದ ಕಾಲವದು. ಇವರು ನಂಬಿದರು. ಭಯಗೊಂಡ ಮಗು ದೊಡ್ಡವರ ಅಪರಾಧವನ್ನು ತನ್ನದೆಂದೇ ಹೊತ್ತುಕೊಳ್ಳುತ್ತದೆ. ಮುಂದೆ ವೈದ್ಯನೂ ನಂಬದಿದ್ದಲ್ಲಿ ಆ ಗಾಯ ಇಮ್ಮಡಿಯಾಗುತ್ತದೆ ಎಂಬುದನ್ನು ಕಂಡುಕೊಂಡರು. ಹೋಟೆಲಿನ ಒಲೆಯ ಮುಂದೆ ಬೆಳೆದ ಹುಡುಗರನ್ನು ಬಲ್ಲ ನಮಗೆ ಈ ಮಾತು ದೂರದ್ದೆನಿಸದು. ಫ್ರಾಯ್ಡರು ಒಪ್ಪದಿದ್ದರೂ 1932ರಲ್ಲಿ ವೀಸ್‌ಬಾಡೆನ್ ಸಮ್ಮೇಳನದಲ್ಲಿ ಇದನ್ನು ಓದಿಯೇ ಓದಿದರು. ಹಳೆಯ ಸ್ನೇಹ ಬಿರುಕುಬಿಟ್ಟಿತು. ಮರುವರ್ಷ ಮೇ 22ರಂದು ರಕ್ತಹೀನತೆಯಿಂದ ತೀರಿಕೊಂಡರು. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾದದ್ದು 1949ರಲ್ಲಿ. ಅಂತಹ ಬಾಲ್ಯವನ್ನು ಕಳೆದ ವಯಸ್ಕರು ಇಂದು ಹಲವೆಡೆ ಚಿಕಿತ್ಸಕರೊಡನೆ ಗುಂಪಾಗಿ ಕುಳಿತು, ಒಬ್ಬರ ಮಾತನ್ನೊಬ್ಬರು ನಂಬಿ ಕೇಳುತ್ತಾರೆ.