ಬೆಳ್ಳಿ ಕ್ಲಿಪ್ ಹಾಕಿ ಬಿಪಿಯ ಗುಟ್ಟು ಬಿಡಿಸಿದ ಹ್ಯಾರಿ ಗೋಲ್ಡ್‌ಬ್ಲಾಟ್: ಮಾತ್ರೆ ಬರುವ ಮೊದಲೇ ಕಣ್ಮುಚ್ಚಿದ ವೈದ್ಯ

ಥಾಣೆಯ ಮಾಜಿವಾಡಾ ಇರಲಿ, ಬೆಂಗಳೂರಿನ ಬಸವನಗುಡಿ ಇರಲಿ, ಮೆಡಿಕಲ್ ಸ್ಟೋರ್‌ಗಳಲ್ಲಿ ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆಗಳು ಮಾಮೂಲಿ. ದೇಹದ ಒಂದು ಕಿಣ್ವವನ್ನು ತಡೆದು ರಕ್ತದೊತ್ತಡ ಇಳಿಸುವುದು ಇವುಗಳ ಕೆಲಸ. ಇಂಥ ಔಷಧಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿ ಗೋಲ್ಡ್‌ಬ್ಲಾಟ್. ಆದರೆ ಆ ಮಾತ್ರೆ ರೋಗಿಗಳ ಕೈಸೇರುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

1891ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಜನಿಸಿದ ಗೋಲ್ಡ್‌ಬ್ಲಾಟ್, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ವೈದ್ಯ ಪದವಿ ಪಡೆದರು. ಬಳಿಕ ಕ್ಲೀವ್‌ಲ್ಯಾಂಡ್‌ನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಸೇರಿದರು.

ತಲೆಕೆಳಗಾದ ನಂಬಿಕೆ

ಬಿಪಿ ಹೆಚ್ಚಾದರೆ ಕಿಡ್ನಿ ಹಾಳಾಗುತ್ತದೆ ಎಂಬುದು ಆಗ ಹಲವು ವೈದ್ಯರ ನಂಬಿಕೆ. ಬಿಪಿಯಿಂದ ಬಳಲಿ ಸತ್ತವರ ದೇಹಗಳನ್ನು ಪರೀಕ್ಷಿಸುತ್ತಿದ್ದ ಗೋಲ್ಡ್‌ಬ್ಲಾಟ್‌ಗೆ ಬೇರೆಯೇ ಅನುಮಾನ ಬಂತು. ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾದ್ದರಿಂದಲೇ ಬಿಪಿ ಏರುತ್ತಿರಬಹುದಲ್ಲವೇ?

ಪರೀಕ್ಷಿಸಲು ಅವರು ಬೆಳ್ಳಿಯ ಪುಟ್ಟ ಕ್ಲಿಪ್ ರೂಪಿಸಿದರು. ಅದನ್ನು ನಾಯಿಯ ಕಿಡ್ನಿಯ ಅಪಧಮನಿಗೆ ಹಾಕಿ ಬೇಕಾದಷ್ಟೇ ಬಿಗಿ ಮಾಡಬಹುದಿತ್ತು. ರಕ್ತದ ಹರಿವು ಕಡಿಮೆಯಾಗುತ್ತಿದ್ದಂತೆ ನಾಯಿಗಳ ಬಿಪಿ ಏರಿತು. ಬೇರೆ ಅಂಗಗಳ ರಕ್ತನಾಳ ಬಿಗಿದಾಗ ಹೀಗಾಗಲಿಲ್ಲ. ಕಿಡ್ನಿಯ ನರಗಳನ್ನು ಕತ್ತರಿಸಿದರೂ ಬಿಪಿ ಏರುವುದು ತಪ್ಪಲಿಲ್ಲ. ಅಂದರೆ ಸಂದೇಶ ಸಾಗುತ್ತಿದ್ದುದು ನರದ ಮೂಲಕವಲ್ಲ, ರಕ್ತದ ಮೂಲಕ. 1934ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

1898ರಲ್ಲೇ ಸ್ವೀಡನ್‌ನಲ್ಲಿ ರಾಬರ್ಟ್ ಟಿಗರ್‌ಸ್ಟೆಡ್ಟ್ ಮೊಲದ ಕಿಡ್ನಿಯಲ್ಲಿ ಬಿಪಿ ಏರಿಸುವ ರೆನಿನ್ ಎಂಬ ವಸ್ತುವನ್ನು ಗುರುತಿಸಿದ್ದರು. ಮೂಲೆಗುಂಪಾಗಿದ್ದ ಆ ಶೋಧಕ್ಕೆ ಗೋಲ್ಡ್‌ಬ್ಲಾಟ್ ಪ್ರಯೋಗದಿಂದ ಮರುಜೀವ ಬಂತು. ರೆನಿನ್ ಒಂದು ಕಿಣ್ವ. ಅದು ಯಕೃತ್ತಿನಿಂದ ಬರುವ ಪ್ರೋಟೀನನ್ನು ಕತ್ತರಿಸುತ್ತದೆ, ಆ ತುಣುಕನ್ನು ಎಸಿಇ ಎಂಬ ಇನ್ನೊಂದು ಕಿಣ್ವ ಮತ್ತೆ ಕತ್ತರಿಸುತ್ತದೆ. ಆಗ ಸಿಗುವುದೇ ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನ್. ರಕ್ತನಾಳಗಳನ್ನು ಬಿಗಿ ಮಾಡಿ, ದೇಹದಲ್ಲಿ ಉಪ್ಪು ಉಳಿಯುವಂತೆ ಮಾಡುವುದು ಇದೇ.

ಔಷಧಕ್ಕಾಗಿ ಹುಡುಕಾಟ

ಕಾರಣ ತಿಳಿದರೂ ಔಷಧ ಸಿಗಲಿಲ್ಲ. ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧಿಯಿಂದ ಬಿಪಿ ಇಳಿಯುತ್ತದೆ ಎಂದು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಆದರೆ ಅದು ಕೆಲಸ ಮಾಡುತ್ತಿದ್ದುದು ನರಮಂಡಲದ ಮೇಲೆ. ಗೋಲ್ಡ್‌ಬ್ಲಾಟ್ ಗುರಿ ರೆನಿನ್ ಆಗಿತ್ತು. ಸಹೋದ್ಯೋಗಿ ಎರ್ವಿನ್ ಹಾಸ್ ಜತೆ ಅವರು ರೆನಿನ್ ವಿರುದ್ಧ ಪ್ರತಿಕಾಯ ಹುಟ್ಟಿಸಿ ನಾಯಿಗಳ ಬಿಪಿ ಇಳಿಸಿ ತೋರಿಸಿದರು. ಮನುಷ್ಯರಿಗೆ ಮಾತ್ರ ಅದು ಚಿಕಿತ್ಸೆಯಾಗಿ ಒದಗಲಿಲ್ಲ.

ಉತ್ತರ ಬಂದದ್ದು ಹಾವಿನ ವಿಷದಿಂದ. ಬ್ರೆಜಿಲ್‌ನ ಸೆರ್ಗಿಯೊ ಫೆರೇರಾ ಅಲ್ಲಿನ ಜರರಾಕಾ ಹಾವಿನ ವಿಷದಲ್ಲಿ ಗುರುತಿಸಿದ್ದ ಅಂಶಗಳು ಎಸಿಇ ಕಿಣ್ವವನ್ನು ತಡೆಯುತ್ತವೆ ಎಂದು ಗೊತ್ತಾಯಿತು. ಅದೇ ಜಾಡು ಹಿಡಿದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ರೂಪಿಸಿದರು. ಗೋಲ್ಡ್‌ಬ್ಲಾಟ್ ವಿಧಾನದಲ್ಲೇ ಕ್ಲಿಪ್ ಹಾಕಿ ಬಿಪಿ ಏರಿಸಿದ ಇಲಿಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು. ಡಾಕಾ ಎಂಬ ಹಾರ್ಮೋನ್ ಮತ್ತು ಉಪ್ಪು ಕೊಟ್ಟು ಬಿಪಿ ಏರಿಸಿದ ಇಲಿಗಳಲ್ಲಿ ಹೆಚ್ಚು ಪರಿಣಾಮ ಕಾಣಲಿಲ್ಲ. ಅವುಗಳಲ್ಲಿ ರೆನಿನ್ ಮಟ್ಟವೇ ತೀರಾ ಕಡಿಮೆ. ಒಂದೇ ಬಿಪಿ ಮಾತ್ರೆ ಎಲ್ಲರಿಗೂ ಒಂದೇ ರೀತಿ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಗೋಲ್ಡ್‌ಬ್ಲಾಟ್ 1977ರ ಜನವರಿಯಲ್ಲಿ ನಿಧನರಾದರು. ಕೆಲವೇ ತಿಂಗಳಲ್ಲಿ ಕ್ಯಾಪ್ಟೊಪ್ರಿಲ್ ಕುರಿತ ಪ್ರಬಂಧ ಪ್ರಕಟವಾಯಿತು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನೊಬೆಲ್ ಅವರಿಗೆ ಬರಲಿಲ್ಲ. ಆದರೆ ರೆನಿನ್ ಅಳೆಯುವ ಒಂದು ಮಾನಕ್ಕೆ ಅವರ ಹೆಸರೇ ಇದೆ.

ಇಂದಿಗೂ ಏಕೆ ಮುಖ್ಯ?

ಎರಡೂ ಕಿಡ್ನಿಗಳ ರಕ್ತನಾಳ ಕಿರಿದಾದವರು, ಅಂದರೆ ಗೋಲ್ಡ್‌ಬ್ಲಾಟ್‌ರ ನಾಯಿಗಳಂಥದ್ದೇ ಸ್ಥಿತಿಯಲ್ಲಿರುವವರು, ಇದೇ ಮಾತ್ರೆ ನುಂಗಿದರೆ ಕಿಡ್ನಿಯೇ ಕೈಕೊಡಬಹುದು. ಗರ್ಭಿಣಿಯರಿಗೂ ಇದು ಸಲ್ಲದು. ಮಾತ್ರೆ ಶುರು ಮಾಡಿದ ಮೇಲೆ ವೈದ್ಯರು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಬರೆದುಕೊಟ್ಟರೆ ದುಂದುವೆಚ್ಚ ಎಂದು ತಳ್ಳಿಹಾಕಬೇಡಿ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯನ್ನು ನೀವೇ ಕೊಂಡು ನುಂಗುವುದೂ ಬೇಡ.