ಗುಂಡಿನ ವೇಗ ಅಳೆದ ಬೆಂಜಮಿನ್ ರಾಬಿನ್ಸ್



ಭೌತಶಾಸ್ತ್ರದಲ್ಲಿ ನಾವೆಲ್ಲ ಒಂದು ಲೆಕ್ಕ ಮಾಡಿರುತ್ತೇವೆ. ತೂಗುಬಿಟ್ಟ ಮರದ ದಿಮ್ಮಿಗೆ ಬಂದೂಕಿನ ಗುಂಡು ಬಂದು ನಾಟುತ್ತದೆ, ದಿಮ್ಮಿ ಸ್ವಲ್ಪ ಮೇಲೇರುತ್ತದೆ, ಗುಂಡಿನ ವೇಗ ಎಷ್ಟು? ಈ ಲೆಕ್ಕವನ್ನು ಕಾಗದದ ಮೇಲಲ್ಲ, ನಿಜವಾದ ಬಂದೂಕು, ನಿಜವಾದ ದಿಮ್ಮಿ ಇಟ್ಟುಕೊಂಡು ಮಾಡಿ ತೋರಿಸಿದವರು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಕೊನೆಯುಸಿರೆಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನಲ್ಲಿ.

ರಾಬಿನ್ಸ್ 1707ರಲ್ಲಿ ಬಾತ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ದರ್ಜಿ. ಮನೆಯಲ್ಲಿ ಹಣವಿರಲಿಲ್ಲ. ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿದ್ದು. ಯುದ್ಧ ಮಾಡಬಾರದು, ಆಯುಧ ಹಿಡಿಯಬಾರದು ಎಂಬುದು ಆ ಪಂಥದ ನಿಯಮ. ಹುಡುಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಪುಸ್ತಕಗಳನ್ನು ಓದಿಯೇ ಗಣಿತ ಕಲಿತು, ಲಂಡನ್ನಿಗೆ ಹೋಗಿ ಪಾಠ ಹೇಳಿ ಜೀವನ ಸಾಗಿಸಿದರು. 1727ರಲ್ಲಿ, ಇಪ್ಪತ್ತರ ವಯಸ್ಸಿನಲ್ಲೇ, ರಾಯಲ್ ಸೊಸೈಟಿಯ ಸದಸ್ಯರಾದರು. ಅಂದರೆ ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೆ.

ಪಾಠ ಹೇಳುವುದರ ಜೊತೆಗೆ ಸೇತುವೆ, ಬಂದರು, ಕೋಟೆಗಳ ಕೆಲಸದತ್ತ ಅವರ ಮನಸ್ಸು ಹೊರಳಿತು. ಕ್ವೇಕರ್ ಮನೆಯ ಮಗ ಫಿರಂಗಿಯ ಲೆಕ್ಕಕ್ಕೆ ಇಳಿದರು. 1741ರಲ್ಲಿ ವುಲಿಚ್‌ನಲ್ಲಿ ಸೈನಿಕ ಅಕಾಡೆಮಿ ಆರಂಭವಾದಾಗ ಅಲ್ಲಿ ಪ್ರಾಧ್ಯಾಪಕರಾಗುವ ಆಸೆ ಅವರಿಗಿತ್ತು. ಆದರೆ ಆಗಿನ ಸರ್ಕಾರದ ವಿರುದ್ಧ ಕರಪತ್ರಗಳನ್ನು ಬರೆದಿದ್ದ ಅವರಿಗೆ ಆ ಹುದ್ದೆ ಸಿಗಲಿಲ್ಲ. ಮರುವರ್ಷ, 1742ರಲ್ಲಿ, ಫಿರಂಗಿ ವಿದ್ಯೆಯ ಹೊಸ ತತ್ವಗಳ ಕುರಿತ ತಮ್ಮ ಪುಸ್ತಕವನ್ನು ಪ್ರಕಟಿಸಿದರು.

ಅಲ್ಲಿಯವರೆಗೆ ಗುಂಡಿನ ವೇಗ ಎಷ್ಟೆಂದು ಯಾರೂ ನಂಬಿಕೆಯಿಂದ ಹೇಳುವಂತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ? ರಾಬಿನ್ಸ್ ಕಂಡುಕೊಂಡ ಉಪಾಯ ಸರಳ. ವೇಗವಾದ ಹಗುರ ಗುಂಡನ್ನು ಭಾರವಾದ ಲೋಲಕಕ್ಕೆ ಹೊಡೆಸಿದರೆ, ವೇಗ ತಗ್ಗಿ ಕಣ್ಣಿಗೆ ಸಿಗುವಂತಾಗುತ್ತದೆ. ಲೋಲಕ ಎಷ್ಟು ದೂರ ಹಿಂದಕ್ಕೆ ಹೋಯಿತೆಂದು ತಿಳಿಯಲು ಅದಕ್ಕೆ ಒಂದು ಪಟ್ಟಿಯನ್ನು ಕಟ್ಟಿದ್ದರು. ಜಾರಿದ ಪಟ್ಟಿಯ ಉದ್ದವನ್ನು ಅಳೆದರೆ ಸಾಕು.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಗುಂಡು 40 ಗ್ರಾಂ. ಗುಂಡೂ ದಿಮ್ಮಿಯೂ ಸೇರಿ 25 ಕಿ.ಗ್ರಾಂ. ಹೊಡೆತದ ನಂತರ ದಿಮ್ಮಿ ಸುಮಾರು 3.3 ಸೆಂ.ಮೀ. ಮೇಲೇರಿತು ಎನ್ನಿ. ಅಂದರೆ ಅದು ಹೊರಟ ವೇಗ ಸೆಕೆಂಡಿಗೆ 0.8 ಮೀಟರ್. ಸಂವೇಗ ಸಂರಕ್ಷಣೆಯ ಪ್ರಕಾರ 25ನ್ನು 0.8ರಿಂದ ಗುಣಿಸಿ 0.04ರಿಂದ ಭಾಗಿಸಿದರೆ ಗುಂಡಿನ ವೇಗ ಸೆಕೆಂಡಿಗೆ 500 ಮೀಟರ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಗುಂಡು ನಾಟುವ ಹಂತದಲ್ಲಿ ಚಲನ ಶಕ್ತಿ ಉಳಿಯುತ್ತದೆಂದು ಲೆಕ್ಕ ಹಾಕಿದರೆ ಉತ್ತರ ಸೆಕೆಂಡಿಗೆ 20 ಮೀಟರ್ ಬರುತ್ತದೆ. ಅದು ವೇಗದ ಬೌಲರ್ ಎಸೆದ ಚೆಂಡಿಗಿಂತ ನಿಧಾನ! ಗುಂಡಿನ 5000 ಜೂಲ್‌ಗಳಲ್ಲಿ ದಿಮ್ಮಿಯ ಚಲನೆಗೆ ಸಿಗುವುದು ಕೇವಲ 8 ಜೂಲ್. ಉಳಿದದ್ದೆಲ್ಲ ಮರವನ್ನು ಸೀಳುವುದಕ್ಕೂ ಶಾಖಕ್ಕೂ ಹೋಗುತ್ತದೆ. ನಾಟುವಾಗ ಸಂವೇಗ, ಮೇಲೇರುವಾಗ ಶಕ್ತಿ: ಈ ಎರಡು ಹಂತಗಳನ್ನು ಬೇರೆಬೇರೆಯಾಗಿ ನೋಡಬೇಕು.

ರಾಬಿನ್ಸ್ ಮದ್ದನ್ನೂ ಪ್ರತಿ ಸಲ ತೂಗಿ ತುಂಬಿದರು. ಮದ್ದು ಉರಿದಾಗ ಹುಟ್ಟುವ ಅನಿಲ ಹಿಗ್ಗುತ್ತಾ ಹೋದಂತೆ ಅದರ ಒತ್ತಡ ಕಡಿಮೆಯಾಗುತ್ತದೆ ಎಂಬ ಬಾಯ್ಲ್ ನಿಯಮವನ್ನು ನಳಿಗೆಯೊಳಗೆ ಅನ್ವಯಿಸಿದರು. ಮದ್ದನ್ನು ಎರಡರಷ್ಟು ಹಾಕಿದರೆ ವೇಗ ಎರಡರಷ್ಟು ಆಗುವುದಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿರುವ ನಮ್ಮ ಮಾಮು ಹೇಳುತ್ತಿರುತ್ತಾರೆ: ಹಿಂದೆ ಹಂದಿ ಕಾಯುವವರು ಕೇಪಿನ ಕೋವಿಗೆ ಕಣ್ಣಳತೆಯಲ್ಲಿ ಮದ್ದು ಸುರಿಯುತ್ತಿದ್ದರು, ಸ್ವಲ್ಪ ಜಾಸ್ತಿ ಇರಲಿ ಎಂದವರ ನಳಿಗೆ ಒಡೆದು ಬೆರಳು ಹೋದದ್ದೂ ಉಂಟು. ಹೆಚ್ಚುವರಿ ಮದ್ದು ಗುಂಡಿಗೆ ಕೊಡುವ ವೇಗ ಸ್ವಲ್ಪ, ನಳಿಗೆಯ ಮೇಲೆ ಹಾಕುವ ಒತ್ತಡ ಬಹಳ.

ಅವರ ಇನ್ನೊಂದು ಫಲಿತಾಂಶ ವಿದ್ವಾಂಸರನ್ನೇ ಬೆಚ್ಚಿಬೀಳಿಸಿತು. ನಮ್ಮ ಪಠ್ಯದ ಸೂತ್ರದಂತೆ, ಸೆಕೆಂಡಿಗೆ 500 ಮೀಟರ್ ವೇಗದಲ್ಲಿ 45 ಡಿಗ್ರಿ ಕೋನದಲ್ಲಿ ಹೊರಟ ಗುಂಡು 25 ಕಿ.ಮೀ. ಹೋಗಬೇಕು. ನಿಜದಲ್ಲಿ ಆಗಿನ ಕೋವಿಯ ಗುಂಡು ಅದರ ಹತ್ತನೇ ಒಂದು ಪಾಲೂ ಹೋಗುತ್ತಿರಲಿಲ್ಲ. ವೇಗವಾಗಿ ಹೋಗುವ ಗುಂಡಿಗೆ ಗಾಳಿ ಒಡ್ಡುವ ತಡೆ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು ಎಂದು ರಾಬಿನ್ಸ್ ಅಳೆದು ತೋರಿಸಿದರು. 1745ರಲ್ಲಿ ಮಹಾ ಗಣಿತಜ್ಞ ಆಯ್ಲರ್ ಅವರೇ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ಅನುವಾದಿಸಿ ದೀರ್ಘ ಟಿಪ್ಪಣಿ ಬರೆದರು. 1746ರಲ್ಲಿ ರಾಬಿನ್ಸ್ ಅವರಿಗೆ ಕೋಪ್ಲಿ ಪದಕ ದೊರೆಯಿತು.

ನನ್ನ ಊರು ಬೂವನಹಳ್ಳಿ ಎಂದರೆ ಈಗ ಎಲ್ಲರಿಗೂ ವಿಮಾನ ನಿಲ್ದಾಣ ನೆನಪಾಗುತ್ತದೆ. ವಿಮಾನಕ್ಕೂ ರಾಬಿನ್ಸ್ ಅವರಿಗೂ ನಂಟಿದೆ. ಕೆಳಗಿಳಿಯುವ ತೂಕದಿಂದ ತಿರುಗುವ ಒಂದು ಉದ್ದ ತೋಳಿನ ತುದಿಗೆ ಬೇರೆಬೇರೆ ಆಕಾರದ ವಸ್ತುಗಳನ್ನು ಕಟ್ಟಿ ಅವರು ಗಾಳಿಯ ತಡೆಯನ್ನು ಅಳೆದರು. ಎದುರಿನ ವಿಸ್ತೀರ್ಣ ಒಂದೇ ಆದರೂ ಆಕಾರ ಬದಲಾದರೆ ತಡೆ ಬದಲಾಗುತ್ತದೆ ಎಂದು ತಿಳಿಯಿತು. ಗಾಳಿ ಸುರಂಗಗಳು ಬಂದದ್ದು ಇದಾಗಿ ನೂರು ವರ್ಷಗಳ ಮೇಲೆ.

1749ರಲ್ಲಿ ಲಂಡನ್ನಿನ ದೊಡ್ಡ ಬಾಣಬಿರುಸು ಪ್ರದರ್ಶನದ ಸಮಯದಲ್ಲಿ ಅವರು ರಾಕೆಟ್‌ಗಳು ಏರುವ ಎತ್ತರವನ್ನೂ ಲೆಕ್ಕ ಹಾಕಿದರು. ಮುಂದೆ ರಾಕೆಟ್ಟನ್ನು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ತಂದವರು ನಮ್ಮ ಹೈದರಾಲಿ ಮತ್ತು ಟಿಪ್ಪು ಸುಲ್ತಾನರು. ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿದ್ದರಿಂದ ಅದು ಹೆಚ್ಚಿನ ಒತ್ತಡ ತಡೆದು ದೂರ ಹಾರುತ್ತಿತ್ತು. 1799ರ ನಂತರ ಮೈಸೂರಿನ ರಾಕೆಟ್‌ಗಳು ವುಲಿಚ್‌ಗೆ ಹೋಗಿ ಕಾಂಗ್ರೀವ್ ರಾಕೆಟ್‌ಗಳಿಗೆ ಮಾದರಿಯಾದವು. ನಮ್ಮ ಜಿಲ್ಲೆಯ ಮಂಜರಾಬಾದ್ ಕೋಟೆಗೆ ಹೋದವರು ನೆಲದಡಿಯ ಮದ್ದಿನ ಕೋಣೆಗಳನ್ನು ನೋಡಿರಬಹುದು. ಮದ್ದನ್ನು ಹೇಗೆ ಕಾಪಾಡಬೇಕೆಂದು ಇಲ್ಲಿನವರಿಗೂ ಚೆನ್ನಾಗಿ ಗೊತ್ತಿತ್ತು.

ಈಸ್ಟ್ ಇಂಡಿಯಾ ಕಂಪನಿ ರಾಬಿನ್ಸ್ ಅವರನ್ನು ಮುಖ್ಯ ಎಂಜಿನಿಯರ್ ಆಗಿ ನೇಮಿಸಿ, ಕೋಟೆಗಳನ್ನು ಸರಿಪಡಿಸಲು ಮದರಾಸಿನ ಕಡೆಗೆ ಕಳುಹಿಸಿತು. 1750ರಲ್ಲಿ ಬಂದಿಳಿದ ಅವರು ಜ್ವರದಿಂದ ನರಳಿ, 1751ರ ಜುಲೈ 29ರಂದು ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಅವರಿಗೆ ಹುದ್ದೆ ಕೊಡದ ವುಲಿಚ್ ಅಕಾಡೆಮಿಯಲ್ಲೇ ಮುಂದೆ ಪ್ರಾಧ್ಯಾಪಕ ಹಟನ್ ಅವರ ಲೋಲಕ ಪ್ರಯೋಗಗಳನ್ನು ಫಿರಂಗಿಗಳ ಮೇಲೆ ಮುಂದುವರಿಸಿದರು.

ನನಗೆ ರಾಬಿನ್ಸ್ ಅವರ ಮೇಲೆ ಗೌರವವಿದೆ, ಬೇಸರವೂ ಇದೆ. ದರ್ಜಿಯ ಮಗ ಸ್ವಂತ ಓದಿನಿಂದ ಆಯ್ಲರ್ ಗಮನ ಸೆಳೆದದ್ದು ಸಣ್ಣ ಮಾತಲ್ಲ. ಆದರೆ ಶಾಂತಿಯ ಪಂಥದಲ್ಲಿ ಬೆಳೆದವರ ವಿದ್ಯೆ ಕೊನೆಗೆ ಈ ನೆಲವನ್ನು ಕಬಳಿಸಿದ ಕಂಪನಿಯ ಸೇವೆಗೆ ಸಂದಿತು. ವಿದ್ಯೆ ಕಲಿತ ಮೇಲೆ ಅದನ್ನು ಯಾರ ಕೈಗೆ ಕೊಡುತ್ತೇವೆ ಎಂಬುದನ್ನೂ ನಾವು ಯೋಚಿಸಬೇಕು.

ಕೋವಿ, ಮದ್ದು ನಮಗೆ ಬೇಡ. ಪರವಾನಗಿ ಇಲ್ಲದೆ ಮುಟ್ಟುವುದು ಅಪರಾಧ, ಅಪಾಯ ಕೂಡ. ಪ್ರಯೋಗಕ್ಕೆ ಒಂದು ಗೋಲಿ ಸಾಕು. ಚಿಕ್ಕ ರಟ್ಟಿನ ಡಬ್ಬಿಯೊಳಗೆ ಜೇಡಿಮಣ್ಣು ಮೆತ್ತಿ ನಾಲ್ಕು ದಾರಗಳಲ್ಲಿ ತೂಗುಬಿಡಿ. ಇಳಿಜಾರು ಹಲಗೆಯಿಂದ ಗೋಲಿಯನ್ನು ಉರುಳಿಸಿ ಮಣ್ಣಿಗೆ ಅಂಟುವಂತೆ ಮಾಡಿ, ಡಬ್ಬಿ ಏರಿದ ಎತ್ತರ ಅಳೆಯಿರಿ. ಅದೇ ಗೋಲಿಯ ವೇಗವನ್ನು ಮೊಬೈಲಿನ ನಿಧಾನ ವಿಡಿಯೊದಿಂದಲೂ ಲೆಕ್ಕ ಹಾಕಿ. ಎರಡು ಉತ್ತರಗಳು ಹತ್ತಿರ ಬರುವವರೆಗೆ ಹತ್ತು ಸಲವಾದರೂ ಮಾಡಿ. ನಮ್ಮ ಪ್ರಯೋಗಾಲಯದ ತಕ್ಕಡಿ ಮತ್ತು ಅಳತೆಪಟ್ಟಿ ಇದಕ್ಕೆ ಧಾರಾಳ ಸಾಕು.