ಗೋದಿಯ ಭಂಡಾರ ರೋಗ ಮತ್ತು ಸರ್ ರೋಲೆಂಡ್ ಬಿಫೆನ್

ಗೋದಿಯ ಹೊಲದಲ್ಲಿ ಹಾಯ್ದು ಬಂದವರ ಧೋತರಕ್ಕೆ ಹಳದಿ ಅಥವಾ ಕಂದು ಪುಡಿ ಅಂಟಿಕೊಂಡರೆ ನಮ್ಮ ಸೀಮೆಯ ರೈತರು ಭಂಡಾರ ಬಿದ್ದಿದೆ ಎನ್ನುತ್ತಾರೆ. ಖಂಡೋಬನ ಜಾತ್ರೆಯಲ್ಲಿ ತೂರುವ ಅರಿಸಿನ ಪುಡಿಯನ್ನು ನೆನಪಿಗೆ ತರುವ ಈ ಹೆಸರು ಪುಸ್ತಕದ ‘ತುಕ್ಕುರೋಗ’ಕ್ಕಿಂತ ಎಷ್ಟೋ ಸೊಗಸಾಗಿದೆ. ಆದರೆ ರೋಗ ಸೊಗಸಾದುದಲ್ಲ. ಆ ಪುಡಿಯ ಒಂದೊಂದು ಕಣವೂ ಒಂದು ಶಿಲೀಂಧ್ರದ ಬೀಜಾಣು. ಗಾಳಿಯಲ್ಲಿ ತೇಲಿ ಬಂದು ಎಲೆಯ ಮೇಲೆ ಮೊಳೆತು, ಒಳಗಿನ ಜೀವಕೋಶಗಳ ಸಾರವನ್ನು ಹೀರಿ, ಕಾಳನ್ನು ಜೊಳ್ಳು ಮಾಡಿಬಿಡುತ್ತದೆ. ಒಂದೇ ಹೊಲದಲ್ಲಿ ಒಂದು ತಳಿಯ ಗಿಡ ಹಳದಿಯಾದರೆ ಪಕ್ಕದ ಇನ್ನೊಂದು ತಳಿಯ ಗಿಡ ಹಸಿರಾಗಿಯೇ ಉಳಿಯುವುದೇಕೆ? ಈ ಪ್ರಶ್ನೆಗೆ ಲೆಕ್ಕದ ಮೂಲಕ ಉತ್ತರ ಹುಡುಕಿದ ಮೊದಲಿಗರು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ರೋಲೆಂಡ್ ಹ್ಯಾರಿ ಬಿಫೆನ್.

ಬಿಫೆನ್ನರು 1874ರ ಮೇ 28ರಂದು ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಲ್ಲಿಯ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಊರಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಕೇಂಬ್ರಿಜ್ಜಿನ ಇಮ್ಯಾನ್ಯುಯೆಲ್ ಕಾಲೇಜನ್ನು ಸೇರಿ, ಪ್ರಕೃತಿ ವಿಜ್ಞಾನದಲ್ಲಿ ಪದವಿ ಪಡೆದರು. ಬಳಿಕ ರಬ್ಬರಿನ ಅಭ್ಯಾಸಕ್ಕಾಗಿ ಬ್ರೆಜಿಲ್, ಮೆಕ್ಸಿಕೊ, ವೆಸ್ಟ್ ಇಂಡೀಸ್ ದೇಶಗಳನ್ನು ಸುತ್ತಿ ಬಂದರು. 1899ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಕೃಷಿ ವಿಭಾಗವನ್ನು ತೆರೆದಾಗ ಅಲ್ಲಿ ಅಧ್ಯಾಪಕರಾದರು. ಅದೇ ವರ್ಷ ಅವರ ವಿವಾಹವೂ ಆಯಿತು.

ಕೇಂಬ್ರಿಜ್ಜಿನಲ್ಲಿ ಆಗ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಮಾರ್ಷಲ್ ವಾರ್ಡ್. ಇವರು 1880ರಿಂದ 1882ರವರೆಗೆ ಸಿಂಹಳದಲ್ಲಿದ್ದು ಅಲ್ಲಿಯ ಕಾಫಿ ತೋಟಗಳನ್ನು ಹಾಳುಗೆಡವುತ್ತಿದ್ದ ಎಲೆ ತುಕ್ಕುರೋಗವನ್ನು ಪರಿಶೀಲಿಸಿದ್ದರು. 1902ರಲ್ಲಿ ಅವರು ಸೂಕ್ಷ್ಮದರ್ಶಕದ ಕೆಳಗೆ ಒಂದು ವಿಚಿತ್ರವನ್ನು ಕಂಡರು. ರೋಗಕ್ಕೆ ಬಗ್ಗದ ಹುಲ್ಲಿನ ಎಲೆಯೊಳಗೂ ತುಕ್ಕಿನ ಎಳೆ ನುಗ್ಗುತ್ತದೆ. ಆದರೆ ಅದು ಮುಟ್ಟಿದ ಕೋಶಗಳು ಕೂಡಲೇ ಸಾಯುತ್ತವೆ. ಜೀವಂತ ಕೋಶದಿಂದ ಮಾತ್ರ ಆಹಾರ ಪಡೆಯಬಲ್ಲ ಶಿಲೀಂಧ್ರವೂ ಅವುಗಳೊಡನೆ ಸಾಯುತ್ತದೆ. ಜಗಳ ನಡೆಯುವುದು ಎಲೆಯ ಮೇಲಲ್ಲ, ಕೋಶದ ಒಳಗೆ ಎಂಬುದು ಹೀಗೆ ತಿಳಿಯಿತು.

ಮೆಂಡೆಲನ ಬಟಾಣಿ ಪ್ರಯೋಗವನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ಮೂವತ್ತೈದು ವರ್ಷ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಆ ನಿಯಮ 1900ರಲ್ಲಿ ಮತ್ತೆ ಬೆಳಕಿಗೆ ಬಂದಿತು. ಬಟಾಣಿಯ ಬಣ್ಣ, ಗಿಡದ ಎತ್ತರ ಇವು ಕಣ್ಣಿಗೆ ಕಾಣುವ ಗುಣಗಳು. ರೋಗಕ್ಕೆ ತುತ್ತಾಗುವುದು ಅಂಥ ಗುಣವೇ? ತಂಪು ಹವೆ, ಮಂಜು, ಗೊಬ್ಬರ ಹೆಚ್ಚಾದದ್ದು, ಹೀಗೆ ನಾನಾ ಕಾರಣಗಳನ್ನು ಜನ ಹೇಳುತ್ತಿದ್ದ ಕಾಲ ಅದು. ಹವೆಯ ಪಾತ್ರ ಸುಳ್ಳೇನೂ ಅಲ್ಲ. ಆದರೆ ಬಿಫೆನ್ನರು ಪ್ರಶ್ನೆಯನ್ನು ಬೀಜಕ್ಕೇ ಕೇಳಿದರು.

ಗೋದಿಯ ಸಂಕರವೆಂದರೆ ತಾಳ್ಮೆಯ ಕೆಲಸ. ತೆನೆಯ ಪುಟ್ಟ ಹೂಗಳನ್ನು ಒಂದೊಂದಾಗಿ ಬಿಡಿಸಿ, ಪರಾಗ ಮಾಗುವ ಮುನ್ನ ಕೇಸರಗಳನ್ನು ಚಿಮಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ತಂದು ಮುಟ್ಟಿಸಬೇಕು. ಬಿಫೆನ್ನರು ಹಳದಿ ತುಕ್ಕಿಗೆ ಹೆಚ್ಚು ಕಡಿಮೆ ಬಗ್ಗದ ರಿವೆಟ್ ಎಂಬ ಗೋದಿಯನ್ನು, ರೆಡ್ ಕಿಂಗ್ ಮೊದಲಾದ ಸುಲಭವಾಗಿ ರೋಗ ತಗಲುವ ತಳಿಗಳೊಡನೆ ಕೂಡಿಸಿದರು. ಮೊದಲ ಪೀಳಿಗೆಯ ಗಿಡಗಳೆಲ್ಲ ಹಳದಿಯಾದವು. ಇನ್ನೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಅಲ್ಲಿಗೇ ಕೈಬಿಡುತ್ತಿದ್ದರೇನೋ. ಬಿಫೆನ್ನರು ಆ ರೋಗಿಷ್ಠ ಗಿಡಗಳ ಬೀಜವನ್ನೇ ಮತ್ತೆ ಬಿತ್ತಿದರು. ಎರಡನೆಯ ಪೀಳಿಗೆಯಲ್ಲಿ ಹೆಚ್ಚು ಕಡಿಮೆ ಮೂರು ಪಾಲು ರೋಗದ ಗಿಡಗಳು, ಒಂದು ಪಾಲು ಹಸಿರು ಗಿಡಗಳು ಬಂದವು. ಮೆಂಡೆಲನ ಮೂರಕ್ಕೆ ಒಂದರ ಲೆಕ್ಕವೇ ಇದು! 1905ರಲ್ಲಿ ಅವರು ಇದನ್ನು ಪ್ರಕಟಿಸಿದರು. ರೋಗನಿರೋಧವು ವಂಶಪಾರಂಪರ್ಯದ ನಿಯಮಕ್ಕೆ ಒಳಪಟ್ಟಿದೆ. ಒಂದು ತಳಿಯಿಂದ ಅದನ್ನು ಬಿಡಿಸಿ ಇನ್ನೊಂದಕ್ಕೆ ಸೇರಿಸಬಹುದು ಎಂದಾಯಿತು.

ಕೆಲವರು ಇದನ್ನು ಒಪ್ಪಲಿಲ್ಲ. ಬೇರೆ ತಳಿ, ಬೇರೆ ರೋಗಗಳಲ್ಲಿ ಲೆಕ್ಕ ಹೀಗೆ ಬರಲಿಲ್ಲ. ಅನೇಕ ಕಡೆ ನಿರೋಧವೇ ಪ್ರಬಲ ಗುಣವೆಂದು ಕಂಡಿತು. ಶಿಲೀಂಧ್ರದಲ್ಲಿಯೂ ಹಲವು ಉಪಜಾತಿಗಳಿದ್ದು, ಒಂದನ್ನು ತಡೆದ ಗೋದಿ ಇನ್ನೊಂದಕ್ಕೆ ಸೋಲುತ್ತದೆಂಬುದನ್ನು ಅಮೆರಿಕದ ಸ್ಟ್ಯಾಕ್‌ಮನ್ ಮುಂದೆ ತೋರಿಸಿಕೊಟ್ಟರು. ಆದರೂ ಬಿಫೆನ್ನರು ಹಾಕಿದ ಅಡಿಗಲ್ಲು ಅಲುಗಲಿಲ್ಲ.

1908ರಲ್ಲಿ ಅವರು ಕೃಷಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಇಂಗ್ಲೆಂಡಿನ ಸ್ಕ್ವೇರ್‌ಹೆಡ್ಸ್ ಮಾಸ್ಟರ್ ಗೋದಿಗೆ ರಷ್ಯದ ಗಿರ್ಕಾ ಗೋದಿಯನ್ನು ಕೂಡಿಸಿ ‘ಲಿಟ್ಲ್ ಜಾಸ್’ ಎಂಬ ತಳಿಯನ್ನು 1910ರಲ್ಲಿ ರೈತರಿಗೆ ಕೊಟ್ಟರು. ಹಳದಿ ತುಕ್ಕನ್ನು ಚೆನ್ನಾಗಿ ತಡೆದ ಈ ತಳಿ ದಶಕಗಳ ಕಾಲ ಹೊಲದಲ್ಲಿ ನಿಂತಿತು. 1912ರಲ್ಲಿ ಕೇಂಬ್ರಿಜ್ಜಿನಲ್ಲಿ ಸಸ್ಯ ತಳಿ ಅಭಿವೃದ್ಧಿ ಸಂಸ್ಥೆ ಸ್ಥಾಪನೆಯಾದಾಗ ಅದರ ನಿರ್ದೇಶಕರಾಗಿ, 1936ರವರೆಗೆ ಅದನ್ನು ನಡೆಸಿದರು. ಬ್ರಿಟನ್ನಿಗೆ ಬೇಕಾದ ಗೋದಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಆಗ ಹಡಗಿನಲ್ಲಿ ಬರುತ್ತಿತ್ತು. ಸ್ಥಳೀಯ ಗೋದಿಯ ಹಿಟ್ಟು ನಾದಿದರೆ ಜಿಗುಟು ಸಾಲದು, ರೊಟ್ಟಿ ಉಬ್ಬದು ಎಂದು ಗಿರಣಿಯವರು ಮೂಗು ಮುರಿಯುತ್ತಿದ್ದರು. ಬಿಫೆನ್ನರು ಕೆನಡಾದ ರೆಡ್ ಫೈಫ್ ಗೋದಿಯನ್ನು ಬ್ರೌವಿಕ್ ಎಂಬ ಇಂಗ್ಲಿಷ್ ತಳಿಯೊಡನೆ ಕೂಡಿಸಿ ಪಡೆದ ‘ಯೋಮನ್’ ಗೋದಿ 1916ರಲ್ಲಿ ಹೊರಬಂದಿತು. ಒಳ್ಳೆಯ ಇಳುವರಿಯೂ ಒಳ್ಳೆಯ ರೊಟ್ಟಿಯೂ ಒಂದೇ ಗೋದಿಯಲ್ಲಿ ದೊರೆತವು. ಮೊದಲ ಮಹಾಯುದ್ಧದಲ್ಲಿ ಹಡಗುಗಳು ಮುಳುಗುತ್ತಿದ್ದ ದಿನಗಳವು ಎಂಬುದನ್ನು ಮರೆಯಬಾರದು. 1914ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1920ರಲ್ಲಿ ಡಾರ್ವಿನ್ ಪದಕ, 1925ರಲ್ಲಿ ಸರ್ ಪದವಿ ಅವರಿಗೆ ಬಂದವು.

ಬಿಫೆನ್ನರು ಎಣಿಸಿದ ಆ ‘ಗುಣ’ ನಿಜವಾಗಿ ಏನು? ಅದು ಅವರ ಕಾಲದಲ್ಲಿ ತಿಳಿಯುವಂತಿರಲಿಲ್ಲ. ವಂಶವಾಹಿಗಳು ಕೋಶದಲ್ಲಿ ಪ್ರೋಟೀನುಗಳನ್ನು ಮಾಡಿಸುತ್ತವೆ. ರೋಗದ ಗೆಲುವು ಸೋಲು ಬಹುಮಟ್ಟಿಗೆ ಆ ಪ್ರೋಟೀನುಗಳ ಕೈಯಲ್ಲಿದೆ ಎಂದು ಈಗ ಗೊತ್ತಾಗಿದೆ. ಕೆಲವು ಪ್ರೋಟೀನುಗಳು ತಳವಾರನಂತೆ ಕಾವಲಿದ್ದು, ಶಿಲೀಂಧ್ರ ಒಳಗೆ ಕಳಿಸುವ ವಸ್ತುವನ್ನು ಗುರುತಿಸಿ ಕೋಶವನ್ನೇ ಬಲಿಕೊಡುತ್ತವೆ. ಮಾರ್ಷಲ್ ವಾರ್ಡ್ ಕಂಡಿದ್ದು ಇಂಥದನ್ನೇ. ಇಂಥ ಕಾವಲು ಇದ್ದಲ್ಲಿ ನಿರೋಧವೇ ಸಾಮಾನ್ಯವಾಗಿ ಪ್ರಬಲ ಗುಣ.

ಆದರೆ ರೋಗಕ್ಕೆ ತುತ್ತಾಗುವುದೇ ಪ್ರಬಲವಾಗುವುದು ಹೇಗೆ? ಗಿಡದ ಸ್ವಂತ ಪ್ರೋಟೀನೇ ಶತ್ರುವಿಗೆ ಬಾಗಿಲು ತೆರೆದರೆ ಹಾಗಾಗುತ್ತದೆ. ಜರ್ಮನಿಯಲ್ಲಿ 1942ರಲ್ಲಿ ಎಕ್ಸ್‌ಕಿರಣ ಹಾಯಿಸಿದ ಬಾರ್ಲಿಯಲ್ಲಿ ಬೂದಿರೋಗಕ್ಕೆ ಬಗ್ಗದ ಗಿಡಗಳು ದೊರೆತವು. ಇಂಥ ಗಿಡಗಳಲ್ಲಿ ಕೆಟ್ಟಿದ್ದುದು ಕೋಶದ ಪೊರೆಯಲ್ಲಿರುವ ‘ಎಂಎಲ್‌ಒ’ ಎಂಬ ಪ್ರೋಟೀನು ಎಂದು 1997ರಲ್ಲಿ ತಿಳಿಯಿತು. ಅದು ಸರಿಯಾಗಿದ್ದರೆ ಶಿಲೀಂಧ್ರ ಒಳಹೋಗುತ್ತದೆ. ಕೆಟ್ಟಿದ್ದರೆ ಗೋಡೆಯಲ್ಲೇ ನಿಲ್ಲುತ್ತದೆ. ಬಿಫೆನ್ನರು ದುಡಿದ ಹಳದಿ ತುಕ್ಕಿನಲ್ಲಿಯೇ 2022ರಲ್ಲಿ ಚೀನದ ವಿಜ್ಞಾನಿಗಳು ಇಂಥದೊಂದನ್ನು ಹಿಡಿದರು. ಶಿಲೀಂಧ್ರವು ಗೋದಿಯ ಒಂದು ಕೈನೇಸ್ ಪ್ರೋಟೀನನ್ನು ವಶಮಾಡಿಕೊಂಡು ಕೋಶಕೇಂದ್ರಕ್ಕೆ ಸಾಗಿಸಿ, ಅದರ ಮೂಲಕವೇ ಗಿಡದ ರಕ್ಷಣೆಯನ್ನು ಅಡಗಿಸುತ್ತದೆ. ಆ ಪ್ರೋಟೀನಿಲ್ಲದಂತೆ ಮಾಡಿದ ಗೋದಿ ಹಳದಿ ತುಕ್ಕನ್ನು ತಡೆಯಿತು. ಆದರೆ ರಿವೆಟ್ ಗೋದಿಯಲ್ಲಿ ಇದೇ ಪ್ರೋಟೀನು ಕೊರತೆಯಾಗಿತ್ತೆಂದು ನೀವು ತಿಳಿಯಬೇಡಿರಿ. ಗೋದಿಯಲ್ಲಿ ತುಕ್ಕಿನೊಡನೆ ಸೆಣಸುವ ವಂಶವಾಹಿಗಳು ಹಲವಾರಿವೆ.

ನಿವೃತ್ತರಾದ ಬಿಫೆನ್ನರು ಕೇಂಬ್ರಿಜ್ಜಿನಲ್ಲೇ ಉಳಿದರು. ಅವರಿಗೆ ಮಕ್ಕಳಿರಲಿಲ್ಲ. ಜಲವರ್ಣದ ಚಿತ್ರ ಬರೆಯುವುದು, ತೋಟದಲ್ಲಿ ಆರಿಕ್ಯುಲ ಎಂಬ ಹೂಗಿಡಗಳ ಹೊಸ ತಳಿ ಎಬ್ಬಿಸುವುದು ಅವರ ಹವ್ಯಾಸವಾಗಿತ್ತು. 1948ರಲ್ಲಿ ಪತ್ನಿ ತೀರಿಕೊಂಡರು. 1949ರ ಜುಲೈ 12ರಂದು ಅವರೂ ನಿಧನರಾದರು. ಆರಿಕ್ಯುಲ ಹೂವಿನ ಮೇಲೆ ಅವರು ಬರೆದಿಟ್ಟಿದ್ದ ಪುಸ್ತಕ ಎರಡು ವರ್ಷಗಳ ಬಳಿಕ ಅಚ್ಚಾಯಿತು.